ರೌಟರ್ ಪದೇ ಪದೇ ರೀಸ್ಟಾರ್ಟ್ ಆಗುತ್ತಿದೆಯೇ? ಓದುಗರ ಪ್ರಶ್ನೆ, ನಮ್ಮ ಉತ್ತರ

ಮನೆಯ ವೈಫೈ ರೌಟರ್ ತಾನಾಗಿಯೇ ಆಫ್ ಆಗಿ ಆನ್ ಆಗುತ್ತದೆ ಎಂಬ ದೂರು ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳ ಓದುಗರಿಂದ ಸಾಲಾಗಿ ಬಂದಿದೆ. ಪತ್ರ ಬರೆದವರ ಅನುಮಾನವೆಲ್ಲ ರೌಟರ್ ಮೇಲೆ, ಇಲ್ಲವೇ ಇಂಟರ್ನೆಟ್ ಕೊಟ್ಟವರ ಮೇಲೆ. ಸ್ವಿಚ್ ಬೋರ್ಡಿಗೆ ಚುಚ್ಚಿರುವ ಅಡಾಪ್ಟರ್ ಕಡೆ ಕಣ್ಣು ಹಾಯಿಸಿದವರು ಕಡಿಮೆ. ಅದಕ್ಕೇ ಈ ಸಲ ಅಡಾಪ್ಟರ್ ವಿಷಯಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇವೆ.

ಪ್ರಶ್ನೆ: ನಮ್ಮ ರೌಟರ್‌ಗೆ ಮೂರೂವರೆ ವರ್ಷ. ಹಗಲೆಲ್ಲ ಸರಿಯಾಗಿರುತ್ತದೆ. ಸಂಜೆ ಏಳರ ಮೇಲೆ ಎಲ್ಲರೂ ಮನೆ ಸೇರಿದರೆ ಶುರು: ದೀಪಗಳೆಲ್ಲ ಒಮ್ಮೆಲೇ ಆರಿ, ಮತ್ತೆ ಒಂದೊಂದಾಗಿ ಹೊತ್ತಿಕೊಳ್ಳುತ್ತವೆ. ಅರ್ಧ ಗಂಟೆಗೊಮ್ಮೆ ಇದೇ ಕಥೆ. ಅಡಾಪ್ಟರ್ ಪಿನ್ನಿಗೆ ಮೀಟರ್ ಹಿಡಿದು ನೋಡಿದೆವು, 12.1 ವೋಲ್ಟ್ ಸರಿಯಾಗಿ ಬರುತ್ತಿದೆ. ಹೊಸ ರೌಟರ್ ಕೊಳ್ಳಲೇಬೇಕೇ? (ನಿಟ್ಟುವಳ್ಳಿ, ದಾವಣಗೆರೆ)

ಸದ್ಯಕ್ಕೆ ಬೇಡ. ನಿಮ್ಮ ಪತ್ರದಲ್ಲೇ ಉತ್ತರದ ಅರ್ಧ ಭಾಗ ಇದೆ: ಹಗಲು ಸರಿ, ಸಂಜೆ ತೊಂದರೆ. ಮನೆಯಲ್ಲಿ ಒಂದು ಫೋನು ಮಾತ್ರ ಇದ್ದಾಗ ರೌಟರ್ ಕಡಿಮೆ ಕರೆಂಟ್ ಎಳೆಯುತ್ತದೆ. ಟಿವಿಯಲ್ಲಿ ಸಿನಿಮಾ, ಎರಡು ಮೂರು ಫೋನುಗಳಲ್ಲಿ ವಿಡಿಯೋ ಒಟ್ಟಿಗೆ ಶುರುವಾದಾಗ ಒಳಗೆ ಸಿಗ್ನಲ್‌ಗೆ ಬಲ ತುಂಬುವ ವೈಫೈ ಪವರ್ ಆಂಪ್ಲಿಫೈಯರ್‌ಗಳು ಮಿಲಿಸೆಕೆಂಡುಗಳ ಲೆಕ್ಕದಲ್ಲಿ ಗಬಕ್ಕನೆ ಹೆಚ್ಚು ಕರೆಂಟ್ ಎಳೆಯುತ್ತವೆ. ಅಡಾಪ್ಟರ್ ಸೊರಗಿದ್ದರೆ ಆ ಕ್ಷಣಕ್ಕೆ ವೋಲ್ಟೇಜ್ ಕುಸಿಯುತ್ತದೆ. ರೌಟರ್ ಒಳಗೆ 12 ವೋಲ್ಟ್ ಅನ್ನು 3.3 ವೋಲ್ಟ್‌ಗೆ, ಅದಕ್ಕಿಂತ ಕೆಳಕ್ಕೆ ಇಳಿಸಿ ಪ್ರೊಸೆಸರ್‌ಗೆ ಕೊಡುತ್ತಾರೆ. ಆ ಕೆಳಗಿನ ವೋಲ್ಟೇಜ್ ಮಿತಿಗಿಂತ ಇಳಿದ ಕೂಡಲೇ ಪ್ರೊಸೆಸರ್ ತನ್ನನ್ನು ತಾನೇ ರೀಸೆಟ್ ಮಾಡಿಕೊಳ್ಳುತ್ತದೆ. ನೀವು ಕಂಡ ‘ದೀಪಗಳೆಲ್ಲ ಆರಿ ಒಂದೊಂದಾಗಿ ಹೊತ್ತಿಕೊಳ್ಳುವುದು’ ಅದೇ.

ಹಾಗಾದರೆ ಮೀಟರ್ 12.1 ಏಕೆ ತೋರಿಸಿತು? ನೀವು ಅಡಾಪ್ಟರನ್ನು ರೌಟರ್‌ನಿಂದ ಬಿಚ್ಚಿ, ಖಾಲಿ ಪಿನ್ನಿಗೆ ಮೀಟರ್ ಹಿಡಿದಿದ್ದೀರಿ. ಹೊರೆ ಇಲ್ಲದಾಗ ಸೊರಗಿದ ಅಡಾಪ್ಟರ್ ಕೂಡ ಪೂರ್ತಿ 12 ತೋರಿಸುತ್ತದೆ. ಖಾಲಿ ಗಾಡಿ ಎಳೆಯುವ ಎತ್ತನ್ನು ನೋಡಿ ಅದರ ಬಲ ಹೇಳಲಾಗುವುದಿಲ್ಲ, ಮೂಟೆ ಹೇರಿಯೇ ನೋಡಬೇಕು.

ಹೊರೆ ಹೇರಲು ದುಬಾರಿ ಸಾಮಾನು ಬೇಡ. ಬೈಕಿನ ಇಂಡಿಕೇಟರ್ ಬಲ್ಬು ಸಾಕು: 12 ವೋಲ್ಟ್, 10 ವ್ಯಾಟ್. ಅದು ಸುಮಾರು 0.83 ಆಂಪಿಯರ್ ಎಳೆಯುತ್ತದೆ. ಅಡಾಪ್ಟರ್ ಮೇಲೆ 12 ವೋಲ್ಟ್ 1 ಆಂಪಿಯರ್ ಎಂದಿದ್ದರೆ ಈ ಒಂದು ಬಲ್ಬು ಸರಿಯಾದ ಪರೀಕ್ಷೆ. 1.5 ಆಂಪಿಯರ್ ಎಂದಿದ್ದರೆ ಜೊತೆಗೆ 5 ವ್ಯಾಟಿನ ಪಾರ್ಕಿಂಗ್ ಬಲ್ಬನ್ನೂ ಪ್ಯಾರಲಲ್ ಆಗಿ (ಎರಡೂ ಬಲ್ಬಿನ ವೈರುಗಳು ಅದೇ ಎರಡು ತುದಿಗಳಿಗೆ) ಸೇರಿಸಿ, ಒಟ್ಟು 1.25 ಆಂಪಿಯರ್ ಆಗುತ್ತದೆ. 9 ವೋಲ್ಟ್ 0.6 ಆಂಪಿಯರ್‌ನ ಚಿಕ್ಕ ಅಡಾಪ್ಟರ್ ಆದರೆ 5 ವ್ಯಾಟಿನದು ಮಾತ್ರ ಸಾಕು. ವೈರು ಕತ್ತರಿಸುವ ಅಗತ್ಯವಿಲ್ಲ. ಸಿಸಿಟಿವಿ ಸಾಮಾನು ಮಾರುವ ಅಂಗಡಿಗಳಲ್ಲಿ ಸ್ಕ್ರೂ ಇರುವ ಹೆಣ್ಣು ಪಿನ್ನು ಸಿಗುತ್ತದೆ. ಅದಕ್ಕೆ ಬಲ್ಬಿನ ಎರಡು ವೈರು ಬಿಗಿದು, ಅಡಾಪ್ಟರ್ ಪಿನ್ನು ಸಿಕ್ಕಿಸಿ, ಮೀಟರನ್ನು ಡಿಸಿ 20 ವೋಲ್ಟ್ ರೇಂಜಿಗೆ ತಿರುಗಿಸಿ ಅದೇ ಸ್ಕ್ರೂಗಳ ಮೇಲೆ ಹಿಡಿಯಿರಿ. ಬಲ್ಬು ಕೈ ಸುಡುವಷ್ಟು ಕಾಯುತ್ತದೆ, ಪ್ಲಾಸ್ಟಿಕ್ ಮೇಲೆ ಇಡಬೇಡಿ.

ಹತ್ತು ನಿಮಿಷ ಹಾಗೇ ಬಿಡಿ. ಆಗಲೂ 12 ವೋಲ್ಟಿನದು 11.4ಕ್ಕಿಂತ ಮೇಲೇ ನಿಂತರೆ ಅಡಾಪ್ಟರ್ ಸದ್ಯಕ್ಕೆ ಗಟ್ಟಿ. ಶುರುವಿನಲ್ಲಿ 11.8 ಇದ್ದು, ಬಿಸಿಯಾಗುತ್ತಾ 11, 10.6 ಎಂದು ಇಳಿಯುತ್ತಾ ಹೋದರೆ ಅದರ ಆಯಸ್ಸು ಮುಗಿದಿದೆ. ಬಲ್ಬು ಮಿಣುಕು ಹುಳದ ಹಾಗೆ ಹೊತ್ತಿ ಆರಿ, ಹೊತ್ತಿ ಆರಿ ಮಾಡುತ್ತಿದ್ದರೆ ಮಾತ್ರ ಆತುರಪಡಬೇಡಿ. ತಣ್ಣಗಿನ ಫಿಲಮೆಂಟು ಮೊದಲ ಕ್ಷಣ ಹಲವು ಪಟ್ಟು ಕರೆಂಟ್ ಎಳೆಯುವುದರಿಂದ ಒಳ್ಳೆಯ ಅಡಾಪ್ಟರ್ ಕೂಡ ರಕ್ಷಣೆಗೆಂದು ಹಾಗೆ ಮಾಡಬಹುದು. ಆಗ 12 ಓಮ್, 20 ವ್ಯಾಟಿನ ಸಿಮೆಂಟ್ ರೆಸಿಸ್ಟರ್ ಹಾಕಿ ನೋಡಿ, 12 ವೋಲ್ಟಿನಲ್ಲಿ ಅದು ಸರಿಯಾಗಿ 1 ಆಂಪಿಯರ್ ಎಳೆಯುತ್ತದೆ. ಅದರಲ್ಲೂ ಮಿಣುಕಿದರೆ ಸಂಶಯವೇ ಇಲ್ಲ.

ಮೂರೂವರೆ ವರ್ಷಕ್ಕೇ ಏಕೆ ಹೀಗೆ ಎಂದು ಕೇಳಬಹುದು. ಅಡಾಪ್ಟರ್ ಒಳಗೆ ಔಟ್‌ಪುಟ್ ಕಡೆ ವೋಲ್ಟೇಜ್ ಕುಸಿಯದಂತೆ ಹಿಡಿದಿಡುವ, 470 ಅಥವಾ 1000 ಮೈಕ್ರೋಫ್ಯಾರಡ್‌ನ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್ ಇರುತ್ತದೆ. ರಿಪೇರಿಯವರು ಕಂಡೆನ್ಸರ್ ಎನ್ನುವುದು ಇದಕ್ಕೇ. ಒಳಗಿನ ದ್ರವ ಕಾವಿಗೆ ಒಣಗುತ್ತಾ ಹೋಗುತ್ತದೆ. ಸಾಮಾನ್ಯ ದರ್ಜೆಯದರ ಮೇಲೆ 105 ಡಿಗ್ರಿಯಲ್ಲಿ 2000 ಗಂಟೆ ಎಂಬ ಲೆಕ್ಕ ಇರುತ್ತದೆ. ಪ್ರತಿ 10 ಡಿಗ್ರಿ ಕಡಿಮೆಯಾದಂತೆ ಆಯಸ್ಸು ಸುಮಾರು ಎರಡು ಪಟ್ಟಾಗುತ್ತದೆ. ಅಡಾಪ್ಟರ್ ಒಳಗೆ 65 ಡಿಗ್ರಿ ಇದ್ದರೆ 32,000 ಗಂಟೆ. ರೌಟರ್ ಹಗಲೂ ರಾತ್ರಿ ಓಡುವ ಸಾಮಾನು, ವರ್ಷಕ್ಕೆ 8,760 ಗಂಟೆ. ಭಾಗಿಸಿ ನೋಡಿ: ಮೂರೂವರೆ ವರ್ಷಕ್ಕೆ ಸ್ವಲ್ಪ ಹೆಚ್ಚು. ಅಡಾಪ್ಟರನ್ನು ಟಿವಿ ಹಿಂದೆ, ಗಾಳಿ ಆಡದ ಸಂದಿಯಲ್ಲಿ ಸಿಕ್ಕಿಸಿ ಒಳಗಿನ ಕಾವು 75ಕ್ಕೆ ಏರಿದ್ದರೆ ಎರಡು ವರ್ಷವೂ ತುಂಬುವುದಿಲ್ಲ.

ಹೊಸ ಅಡಾಪ್ಟರ್ ತರುವಾಗ ನಾಲ್ಕು ಸಂಗತಿ ನೋಡಿ. ವೋಲ್ಟೇಜ್ ಹಳೆಯದರ ಮೇಲೆ ಬರೆದಷ್ಟೇ ಇರಬೇಕು, ಒಂದೂ ಹೆಚ್ಚುಕಡಿಮೆ ಬೇಡ. ಆಂಪಿಯರ್ ಅಷ್ಟೇ ಇರಲಿ, ಇಲ್ಲವೇ ಹೆಚ್ಚಿರಲಿ. 1 ಆಂಪಿಯರ್ ರೌಟರ್‌ಗೆ 2 ಆಂಪಿಯರ್ ಅಡಾಪ್ಟರ್ ಹಾಕಿದರೆ ಸುಟ್ಟುಹೋಗುತ್ತದೆ ಎಂಬ ಭಯ ಬೇಡ. ಮೇಲಿನ ಟ್ಯಾಂಕ್ ಎಷ್ಟೇ ದೊಡ್ಡದಿರಲಿ, ನಲ್ಲಿ ತಿರುಗಿಸಿದಷ್ಟೇ ನೀರು ಬರುತ್ತದೆ. ಪಿನ್ನಿನ ಅಳತೆ ಮುಖ್ಯ: ಹೊರಗೆ 5.5 ಮಿಲಿಮೀಟರ್, ಒಳಗೆ 2.1 ಮಿಲಿಮೀಟರ್ ಇರುವುದು ಸಾಮಾನ್ಯ, ಆದರೆ ಒಳಗೆ 2.5 ಇರುವುದೂ ಉಂಟು. 2.1ರ ಜಾಕಿಗೆ 2.5ರ ಪಿನ್ನು ಹೋಗುತ್ತದೆ, ಆದರೆ ಸಡಿಲವಾಗಿ ಕೂತು ಅದೇ ಒಂದು ಹೊಸ ರೋಗವಾಗುತ್ತದೆ. ಹಳೆಯ ಅಡಾಪ್ಟರನ್ನು ಅಂಗಡಿಗೆ ಒಯ್ದು ತಾಳೆ ನೋಡಿಯೇ ತನ್ನಿ. ನಾಲ್ಕನೆಯದು ಪೋಲಾರಿಟಿ: ಲೇಬಲ್ ಮೇಲೆ ವೃತ್ತದ ನಡುವಿನ ಚುಕ್ಕೆಗೆ ಪ್ಲಸ್ ಸೇರಿರುವ ಚಿತ್ರ ಇರುತ್ತದೆ, ನಡುವಿನ ಕಡ್ಡಿ ಪ್ಲಸ್ ಎಂದು ಅರ್ಥ. ಎರಡರಲ್ಲೂ ಅದೇ ಚಿತ್ರ ಇರಬೇಕು. ಇಷ್ಟಾದ ಮೇಲೆ ಬಿಐಎಸ್ ಗುರುತು, ಅದರ ಕೆಳಗೆ ಆರ್ ಅಕ್ಷರ ಮತ್ತು ಎಂಟು ಅಂಕಿಯ ನೋಂದಣಿ ಸಂಖ್ಯೆ ಇದೆಯೇ ನೋಡಿ. ಅದಿಲ್ಲದ ಅಗ್ಗದ ಅಡಾಪ್ಟರ್‌ಗಳಲ್ಲಿ 2 ಆಂಪಿಯರ್ ಎಂದು ಬರೆದು 1 ಆಂಪಿಯರ್ ಕೊಡಲೂ ಏದುಸಿರು ಬಿಡುವಂಥವು ಇವೆ.

ಹಳೆಯದನ್ನು ಬಿಚ್ಚಿ ಕೆಪಾಸಿಟರ್ ಬದಲಿಸಬಹುದೇ ಎಂದರೆ, ಅಭ್ಯಾಸ ಇಲ್ಲದವರು ಬೇಡ. ಇನ್‌ಪುಟ್ ಕಡೆಯ ಕೆಪಾಸಿಟರ್‌ನಲ್ಲಿ ಸುಮಾರು 325 ವೋಲ್ಟ್ ಡಿಸಿ ತುಂಬಿರುತ್ತದೆ. ಪ್ಲಗ್ ಕಿತ್ತ ಮೇಲೂ ಕೆಲವು ಹೊತ್ತು ಅದು ಉಳಿದಿರಬಹುದು.

ಪ್ರಶ್ನೆ: ರೌಟರ್ ನಿಜವಾಗಿ ರೀಸ್ಟಾರ್ಟ್ ಆಗುತ್ತಿದೆಯೋ, ಬರೀ ಇಂಟರ್ನೆಟ್ ಹೋಗಿ ಬರುತ್ತಿದೆಯೋ ಗೊತ್ತಾಗುವುದು ಹೇಗೆ? ಒಂದೊಂದು ಸಲ ಕೆಂಪು ದೀಪ ಕಾಣುತ್ತದೆ. (ಹರಿಹರ)

ಮೊದಲು ಪವರ್ ದೀಪ ನೋಡಿ. ಅದು ಉರಿಯುತ್ತಲೇ ಇದ್ದು, ಎಲ್‌ಓಎಸ್ ಎಂದು ಬರೆದ ದೀಪ ಕೆಂಪಾಗಿ ಮಿನುಗಿದರೆ ನಿಮ್ಮ ಪೆಟ್ಟಿಗೆಗೆ ಏನೂ ಆಗಿಲ್ಲ, ಫೈಬರ್‌ನಲ್ಲಿ ಬೆಳಕು ಬರುತ್ತಿಲ್ಲ. ಹಳದಿ ಅಥವಾ ಬಿಳಿ ಫೈಬರ್ ವೈರು ಬಾಗಿಲ ಸಂದಿಯಲ್ಲಿ ಮಡಚಿಕೊಂಡಿದೆಯೇ, ಮೊಳೆಗೆ ಬಿಗಿಯಾಗಿ ಸುತ್ತಿದ್ದಾರೆಯೇ ನೋಡಿ, ಕೇಬಲ್‌ನವರಿಗೆ ಹೇಳಿ. ಫೈಬರ್ ತುದಿಯನ್ನು ಕಣ್ಣಿಗೆ ನೇರ ಹಿಡಿದು ನೋಡಬೇಡಿ. ಅದರ ಬೆಳಕು ಕಾಣಿಸುವುದಿಲ್ಲ, ಆದರೆ ಕಣ್ಣಿಗೆ ಒಳ್ಳೆಯದಲ್ಲ.

ಅನುಮಾನ ಪೂರ್ತಿ ತೀರಬೇಕಾದರೆ ಫೋನಿನ ಬ್ರೌಸರ್‌ನಲ್ಲಿ 192.168.1.1 ಅಥವಾ 192.168.0.1 ಎಂದು ಹೊಡೆದು ರೌಟರ್‌ನ ಪುಟಕ್ಕೆ ಹೋಗಿ. ಸರಿಯಾದ ವಿಳಾಸ, ಪಾಸ್‌ವರ್ಡ್ ಪೆಟ್ಟಿಗೆಯ ಕೆಳಗಿನ ಸ್ಟಿಕ್ಕರ್‌ನಲ್ಲಿರುತ್ತವೆ. ಅಲ್ಲಿ ಎರಡು ಗಡಿಯಾರ ಸಿಗಬಹುದು: ಪೆಟ್ಟಿಗೆ ಎಷ್ಟು ಹೊತ್ತಿನಿಂದ ಓಡುತ್ತಿದೆ ಎನ್ನುವ ಸಿಸ್ಟಂ ಅಪ್‌ಟೈಮ್ ಒಂದು, ಇಂಟರ್ನೆಟ್ ಎಷ್ಟು ಹೊತ್ತಿನಿಂದ ಇದೆ ಎನ್ನುವುದು ಇನ್ನೊಂದು. ಮೊದಲನೆಯದು ಹನ್ನೆರಡು ದಿನ, ಎರಡನೆಯದು ಇಪ್ಪತ್ತು ನಿಮಿಷ ಎಂದಿದ್ದರೆ ಲೈನಿನ ತೊಂದರೆ. ಎರಡೂ ಇಪ್ಪತ್ತು ನಿಮಿಷ ಎಂದಿದ್ದರೆ ಪೆಟ್ಟಿಗೆಯೇ ಆಫ್ ಆಗಿ ಆನ್ ಆಗಿದೆ.

ಸಿಸ್ಟಂ ಲಾಗ್ ಎಂಬ ಪುಟವನ್ನೂ ತೆರೆಯಿರಿ. ಸಾಲುಗಳ ಮಧ್ಯೆ ಒಮ್ಮೆಲೇ 1970ರ ಜನವರಿ 1 ಎಂಬ ತಾರೀಕು ಕಂಡರೆ ಗಾಬರಿ ಬೇಡ. ಕಂಪ್ಯೂಟರಿನಲ್ಲಿರುವಂತೆ ಗಡಿಯಾರಕ್ಕೆಂದು ಪ್ರತ್ಯೇಕ ಬ್ಯಾಟರಿ ಸಾಮಾನ್ಯ ರೌಟರ್‌ನಲ್ಲಿ ಇರುವುದಿಲ್ಲ. ಪವರ್ ಹೋದರೆ ಹೊತ್ತು ಮರೆತು, ಹಲವು ರೌಟರ್‌ಗಳು ಎಣಿಕೆಯ ಮೊದಲ ದಿನವಾದ 1970ರಿಂದಲೇ ಶುರು ಮಾಡುತ್ತವೆ. ಇಂಟರ್ನೆಟ್ ಸಿಕ್ಕ ಮೇಲೆ ಸರಿಯಾದ ಹೊತ್ತು ಕೇಳಿ ತಿದ್ದಿಕೊಳ್ಳುತ್ತವೆ. ತಾರೀಕು ಎಷ್ಟು ಸಲ 1970ಕ್ಕೆ ಹಿಂದೆ ಹಾರಿದೆಯೋ ಅಷ್ಟು ಸಲ ರೀಸ್ಟಾರ್ಟ್ ಆಗಿದೆ ಎಂದು ಲೆಕ್ಕ ಹಾಕಬಹುದು. ಹಳೆಯ ಲಾಗ್ ರೀಸ್ಟಾರ್ಟ್ ಜೊತೆಗೇ ಅಳಿಸಿಹೋಗುವ ರೌಟರ್‌ಗಳೂ ಇವೆ. ಅಂಥವುಗಳಿಗೆ ಕ್ಯಾಲೆಂಡರ್ ಪಕ್ಕ ಒಂದು ಹಾಳೆ ನೇತುಹಾಕಿ, ಆಫ್ ಆದ ಹೊತ್ತನ್ನು ಮೂರು ದಿನ ಬರೆದಿಡಿ. ಮೀಟರ್ ಹೇಳದ್ದನ್ನು ಎಷ್ಟೋ ಸಲ ಆ ಹಾಳೆ ಹೇಳುತ್ತದೆ. ಸಂಜೆಯ ಹೊತ್ತಾದರೆ ಅಡಾಪ್ಟರ್, ಮಧ್ಯಾಹ್ನವಾದರೆ ಕಾವು, ಮೋಟರ್ ಹಾಕಿದಾಗಲಾದರೆ ಮನೆಯ ವೈರಿಂಗ್ ಅಥವಾ ಲೈನು ಎಂದು ಹುಡುಕಾಟ ಶುರು ಮಾಡಿ.

ಪ್ರಶ್ನೆ: ಎಣ್ಣೆ ಗಿರಣಿಯ ಹತ್ತಿರ ಮನೆ. ದೊಡ್ಡ ಮೋಟರ್ ಶುರುವಾದಾಗ ಲೈಟು ಡಿಮ್ ಆಗುತ್ತದೆ, ಅದೇ ಹೊತ್ತಿಗೆ ರೌಟರ್ ರೀಸ್ಟಾರ್ಟ್. ಸ್ಟೆಬಿಲೈಸರ್ ಹಾಕಿಸಬೇಕೇ? (ಚಳ್ಳಕೆರೆ)

ಸ್ಟೆಬಿಲೈಸರ್‌ಗೆ ದುಡ್ಡು ಸುರಿಯಬೇಡಿ. ಅಡಾಪ್ಟರ್ ಮೇಲೆ 100–240 ವೋಲ್ಟ್ ಎಂದು ಬರೆದಿದೆಯೇ ಓದಿ. ಹಾಗಿದ್ದರೆ ಲೈನು 160ಕ್ಕೆ ಇಳಿದರೂ ಅದು ಸರಿಯಾಗಿ 12 ಕೊಡಬೇಕು, ಅದರ ಒಳಗೇ ಸ್ಟೆಬಿಲೈಸರ್ ಕೆಲಸ ನಡೆಯುತ್ತದೆ. ರಿಲೇ ಇರುವ ಅಗ್ಗದ ಸ್ಟೆಬಿಲೈಸರ್ ಟಕ್ ಎಂದು ಟ್ಯಾಪ್ ಬದಲಿಸುವಾಗ ತಾನೇ ಒಂದು ಕ್ಷಣ ಕರೆಂಟ್ ಕಡಿಯುತ್ತದೆ. ರೋಗಕ್ಕಿಂತ ಮದ್ದೇ ಹೆಚ್ಚು ಕಾಟ ಕೊಡಬಹುದು.

ಮೋಟರ್ ಶುರುವಾಗುವಾಗ ಓಡುವಾಗಿನ ಐದಾರು ಪಟ್ಟು ಕರೆಂಟ್ ಎಳೆಯುತ್ತದೆ. ಆ ಒಂದೆರಡು ಸೆಕೆಂಡು ಅದೇ ಟಿಸಿಗೆ (ಟ್ರಾನ್ಸ್‌ಫಾರ್ಮರ್‌ಗೆ) ಸೇರಿದ ಮನೆಗಳೆಲ್ಲ ಡಿಮ್. ಅಡಾಪ್ಟರ್ ತನ್ನ ಇನ್‌ಪುಟ್ ಕೆಪಾಸಿಟರ್‌ನಲ್ಲಿ ತುಂಬಿಟ್ಟುಕೊಂಡ ಶಕ್ತಿಯಿಂದ ಚಿಕ್ಕ ಕಡಿತಗಳನ್ನು ನುಂಗಿಕೊಳ್ಳುತ್ತದೆ. ಆದರೆ ಆ ಶಕ್ತಿ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇರುತ್ತದೆ. 230ರಲ್ಲಿ ಇದ್ದದ್ದು 160ರಲ್ಲಿ ಅರ್ಧಕ್ಕಿಂತ ಕಡಿಮೆ. ಆ ಹೊತ್ತಿನಲ್ಲಿ ಪ್ಲಗ್ ಸಡಿಲವಿದ್ದು ಸ್ವಲ್ಪ ಕಿಡಿ ಹಾರಿದರೂ ಸಾಕು, ರೌಟರ್ ಮಲಗುತ್ತದೆ.

ಅಡಾಪ್ಟರನ್ನು ಎಕ್ಸ್‌ಟೆನ್ಶನ್ ಬೋರ್ಡಿನಿಂದ ತೆಗೆದು ಗೋಡೆಯ ಸಾಕೆಟ್ಟಿಗೆ ನೇರ ಹಾಕಿ. ಎರಡು ಪಿನ್ನಿನ ಅಡಾಪ್ಟರ್ ಹಳೆಯ ಸಾಕೆಟ್ಟಿನಲ್ಲಿ ತನ್ನ ಭಾರಕ್ಕೇ ಜೋತುಬೀಳುತ್ತದೆ. ಬೆರಳಿಂದ ಮೆಲ್ಲಗೆ ತಟ್ಟಿದರೆ ದೀಪ ಮಿಣುಕಿತೋ, ಸಾಕೆಟ್ಟಿನ ಹಿತ್ತಾಳೆ ತುಟಿಗಳು ಅಗಲಿವೆ ಎಂದರ್ಥ. ಸಾಕೆಟ್ ಬದಲಿಸಿ. ಆಮೇಲೂ ರೀಸ್ಟಾರ್ಟ್ ನಿಲ್ಲದಿದ್ದರೆ ಹೊಸ ಅಡಾಪ್ಟರ್, ಅದೂ ಸಾಲದಿದ್ದರೆ ಮಿನಿ ಯುಪಿಎಸ್, ಅಂದರೆ ಅಡಾಪ್ಟರ್ ಮತ್ತು ರೌಟರ್ ನಡುವೆ ಕೂರುವ ಚಿಕ್ಕ ಬ್ಯಾಟರಿ ಪೆಟ್ಟಿಗೆ.

ಒಂದು ಎಚ್ಚರಿಕೆಯನ್ನು ಮಾತ್ರ ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಒಂದು ಕೋಣೆಯ ಲೈಟು ಡಿಮ್ ಆಗುವಾಗ ಇನ್ನೊಂದು ಕೋಣೆಯದು ಜಾಸ್ತಿ ಉರಿದರೆ, ಫ್ಯಾನು ಇದ್ದಕ್ಕಿದ್ದಂತೆ ಜೋರಾಗಿ ತಿರುಗಿದರೆ, ಅದು ಗಿರಣಿಯ ಮೋಟರ್ ಅಲ್ಲ, ನ್ಯೂಟ್ರಲ್ ಸಡಿಲವಾಗಿದೆ. ಆಗ ಮನೆಗೆ 300 ವೋಲ್ಟ್ ದಾಟಿ ನುಗ್ಗಬಹುದು. ಮೈನ್ ಇಳಿಸಿ, ಬೆಸ್ಕಾಂನ 1912ಕ್ಕೆ ಫೋನ್ ಮಾಡಿ ಲೈನ್‌ಮನ್ ಕರೆಸಿ. ರೌಟರ್ ವಿಷಯ ಆಮೇಲೆ.

ಪ್ರಶ್ನೆ: ಮನೆಗೆ ಇನ್ವರ್ಟರ್ ಇದೆ. ಕರೆಂಟ್ ಹೋದರೆ ಫ್ಯಾನು, ಲೈಟು ಹಾಗೇ ಇರುತ್ತವೆ, ರೌಟರ್ ಮಾತ್ರ ರೀಸ್ಟಾರ್ಟ್. ಮಿನಿ ಯುಪಿಎಸ್ ತಂದು ಹಾಕಿದೆವು. ಈಗ ಕರೆಂಟ್ ಹೋದಾಗ ಆಗುವುದಿಲ್ಲ, ಬಂದಾಗ ಆಗುತ್ತಿದೆ! (ಚಿತ್ರದುರ್ಗ)

ಮೊದಲ ತೊಂದರೆ ಸುಲಭ. ನಿಮ್ಮ ಇನ್ವರ್ಟರ್‌ನ ಹಿಂದೆ ಯುಪಿಎಸ್ ಮೋಡ್, ನಾರ್ಮಲ್ ಅಥವಾ ಇಕೋ ಮೋಡ್ ಎಂಬ ಸ್ವಿಚ್ ಇದೆಯೇ ನೋಡಿ. ನಾರ್ಮಲ್ ಮೋಡಿನಲ್ಲಿ ಅದು ಲೈನು 100 ವೋಲ್ಟ್ ಆಸುಪಾಸಿಗೆ ಬೀಳುವವರೆಗೂ ಸುಮ್ಮನಿದ್ದು, ನಿಧಾನವಾಗಿ ಬ್ಯಾಟರಿಗೆ ತಿರುಗುತ್ತದೆ. ಫ್ಯಾನಿಗೆ ಅದು ಗೊತ್ತೇ ಆಗುವುದಿಲ್ಲ. ಯುಪಿಎಸ್ ಮೋಡಿನಲ್ಲಿ 180 ವೋಲ್ಟ್ ಸುತ್ತಮುತ್ತಲೇ, ಬೇಗ ತಿರುಗುತ್ತದೆ. ಲೈನು ಸದಾ 180ರ ಕೆಳಗೆ ಇರುವ ಕಡೆ ಈ ಮೋಡ್ ಹಾಕಿದರೆ ಬ್ಯಾಟರಿ ಪದೇ ಪದೇ ಖಾಲಿಯಾಗುತ್ತದೆ, ಅದನ್ನು ನೋಡಿಕೊಂಡು ಮಾಡಿ.

ಎರಡನೆಯದು ಸ್ವಾರಸ್ಯವಾದ ದೋಷ. ನೀವು ರೌಟರ್‌ನ ಹಳೆಯ 12 ವೋಲ್ಟ್ 1 ಆಂಪಿಯರ್ ಅಡಾಪ್ಟರನ್ನೇ, ಅದೂ ಇನ್ವರ್ಟರ್ ಇಲ್ಲದ ಸಾಕೆಟ್ಟಿನಿಂದ, ಮಿನಿ ಯುಪಿಎಸ್‌ನ ಒಳಪಿನ್ನಿಗೆ ಹಾಕಿರಬೇಕು. ಕರೆಂಟ್ ಎರಡು ಗಂಟೆ ಹೋಗಿ ಬಂದಾಗ ಯುಪಿಎಸ್‌ನ ಲಿಥಿಯಂ ಸೆಲ್ಲುಗಳು ಖಾಲಿ. ಆಗ ಆ ಒಂದೇ ಅಡಾಪ್ಟರ್ ರೌಟರನ್ನೂ ನಡೆಸಬೇಕು, ಸೆಲ್ಲನ್ನೂ ತುಂಬಬೇಕು. ರೌಟರ್‌ಗೆ 0.7 ಆಂಪಿಯರ್, ಚಾರ್ಜಿಗೆ ಇನ್ನೊಂದು 0.5 ಎಂದರೂ 1.2 ಆಯಿತು. ಒಂದು ಆಂಪಿಯರ್‌ನ ಅಡಾಪ್ಟರ್ ಮಂಡಿಯೂರುತ್ತದೆ, ಸೆಲ್ಲು ತುಂಬಿದ ಮೇಲೆ ಮತ್ತೆ ಎಲ್ಲ ಶಾಂತ. ಒಳಪಿನ್ನಿಗೆ 12 ವೋಲ್ಟ್ 2 ಆಂಪಿಯರ್ ಅಡಾಪ್ಟರ್ ಹಾಕಿದರೆ ತೀರಿತು. ಫೈಬರ್ ಪೆಟ್ಟಿಗೆ ಬೇರೆ, ರೌಟರ್ ಬೇರೆ ಇದ್ದು ಎರಡನ್ನೂ ಇಬ್ಭಾಗದ ವೈರಿನಲ್ಲಿ ಒಂದೇ ಯುಪಿಎಸ್‌ಗೆ ಹಾಕಿದ್ದರೆ ಎರಡರ ಆಂಪಿಯರ್ ಕೂಡಿಸಿ ನೋಡಿ. ಯುಪಿಎಸ್‌ನ ಔಟ್‌ಪುಟ್ ಮಿತಿಯನ್ನು ಅದು ದಾಟಬಾರದು.

ಎಷ್ಟು ಹೊತ್ತು ಬರುತ್ತದೆ ಎಂಬ ಲೆಕ್ಕ: 8,000 ಎಂಎಎಚ್ ಎಂದು ಬರೆದಿರುವುದು ಸೆಲ್ಲಿನ 3.7 ವೋಲ್ಟಿನಲ್ಲಿ, 12ರಲ್ಲಿ ಅಲ್ಲ. ಅಂದರೆ ಸುಮಾರು 30 ವ್ಯಾಟ್-ಅವರ್. 8 ವ್ಯಾಟಿನ ರೌಟರ್‌ಗೆ, ಸೋರಿಕೆ ಕಳೆದು, ಮೂರು ಗಂಟೆ. ಎರಡು ವರ್ಷ ಕಳೆದ ಮೇಲೆ ಅಷ್ಟು ನಿರೀಕ್ಷಿಸಬೇಡಿ. ಸೆಲ್ಲು ಉಬ್ಬಿ ಪೆಟ್ಟಿಗೆ ಬಾಯಿ ಬಿಟ್ಟಿದ್ದರೆ ಆ ಕ್ಷಣವೇ ತೆಗೆದು ಮನೆಯ ಹೊರಗಿಡಿ, ಚುಚ್ಚಬೇಡಿ, ಒತ್ತಬೇಡಿ.

ಪ್ರಶ್ನೆ: ಬೆಣ್ಣೆ ದೋಸೆ ಹೋಟೆಲ್ ನಮ್ಮದು. ರೌಟರ್ ಕ್ಯಾಷ್ ಕೌಂಟರ್ ಮೇಲಿನ ಸಜ್ಜೆಯಲ್ಲಿದೆ. ಮಧ್ಯಾಹ್ನ ಹನ್ನೆರಡರಿಂದ ನಾಲ್ಕರವರೆಗೆ ಕೈಕೊಡುತ್ತದೆ, ಗಿರಾಕಿಗಳು ಹಣ ಕಳಿಸಲು ಪರದಾಡುತ್ತಾರೆ. (ದಾವಣಗೆರೆ)

ಸಾಮಾನ್ಯ ಮನೆ ರೌಟರ್‌ಗಳನ್ನು ಸುತ್ತಲಿನ ಗಾಳಿ 40 ಡಿಗ್ರಿ ಮೀರಬಾರದು ಎಂಬ ಲೆಕ್ಕದಲ್ಲಿ ಮಾಡಿರುತ್ತಾರೆ. ಏಪ್ರಿಲ್–ಮೇನಲ್ಲಿ ನಮ್ಮ ಕಡೆ ನೆರಳಲ್ಲೇ 38 ದಾಟುವ ದಿನಗಳಿವೆ. ಕಾವಲಿಯ ಬಿಸಿ ಮೇಲೇರಿ ಸೂರಿನ ಕೆಳಗೆ ಕೂರುತ್ತದೆ, ನಿಮ್ಮ ರೌಟರ್ ಕೂತಿರುವುದೂ ಅಲ್ಲೇ. ಅದಕ್ಕಿಂತ ಕೆಟ್ಟದ್ದು ತುಪ್ಪ-ಬೆಣ್ಣೆಯ ಆವಿ. ಗಾಳಿ ಆಡುವ ರಂಧ್ರಗಳ ಮೇಲೆ ಜಿಡ್ಡು ಕೂತು, ಅದಕ್ಕೆ ಧೂಳು ಅಂಟಿ, ಕಂಬಳಿಯ ಹಾಗೆ ಮುಚ್ಚುತ್ತದೆ.

ಆಫ್ ಮಾಡಿ, ವೈರುಗಳನ್ನೆಲ್ಲ ಬಿಚ್ಚಿ, ಒಣ ಪೇಂಟ್ ಬ್ರಷ್‌ನಿಂದ ರಂಧ್ರಗಳನ್ನು ಉಜ್ಜಿ. ಜಿಡ್ಡಿಗೆ ಐಸೊಪ್ರೊಪೈಲ್ ಆಲ್ಕೊಹಾಲ್ ತೊಟ್ಟು ಹಾಕಿದ ಬಟ್ಟೆಯಿಂದ ಹೊರಮೈ ಮಾತ್ರ ಒರೆಸಿ, ಪೂರ್ತಿ ಆರಿದ ಮೇಲೆ ಆನ್ ಮಾಡಿ. ಸೋಪು ನೀರು ಬೇಡ. ಆಮೇಲೆ ಸಜ್ಜೆಯಿಂದ ಇಳಿಸಿ, ಎದೆಯೆತ್ತರದಲ್ಲಿ, ಒಲೆಯಿಂದ ದೂರದ ಗೋಡೆಗೆ ನಿಲ್ಲಿಸಿ ಹಾಕಿ. ಹಿಂದೆ ಗೋಡೆಗೂ ಪೆಟ್ಟಿಗೆಗೂ ಎರಡು ಬೆರಳು ಸಂದಿ ಇರಲಿ. ಫೈಬರ್ ಪೆಟ್ಟಿಗೆಯ ಮೇಲೆ ರೌಟರ್, ಅದರ ಮೇಲೆ ಸೆಟ್‌ಟಾಪ್ ಬಾಕ್ಸ್ ಎಂದು ಇಡ್ಲಿ ತಟ್ಟೆಯ ಹಾಗೆ ಪೇರಿಸಬೇಡಿ.

ಕಾವೇ ಕಾರಣ ಎಂದು ಖಾತ್ರಿ ಮಾಡಿಕೊಳ್ಳಲು ಒಂದು ಮಧ್ಯಾಹ್ನ ಟೇಬಲ್ ಫ್ಯಾನ್ ನೇರ ಅದರ ಮೇಲೆ ತಿರುಗಿಸಿ. ನಾಲ್ಕು ಗಂಟೆ ತಡೆದರೆ ಉತ್ತರ ಸಿಕ್ಕಿತು. ಆದರೆ ನೆನಪಿಡಿ, ಬಿಸಿಯಲ್ಲಿ ಅಡಾಪ್ಟರ್ ಕೂಡ ಸೊರಗುತ್ತದೆ. ಫ್ಯಾನು ರೌಟರ್ ಮೇಲೆ ಬೀಸಿದಾಗ ಪ್ರಯೋಜನ ಕಾಣದೆ, ಅಡಾಪ್ಟರ್ ಮೇಲೆ ಬೀಸಿದಾಗ ನಿಂತರೆ ಬದಲಿಸಬೇಕಾದ್ದು ಅಡಾಪ್ಟರ್.

ಪ್ರಶ್ನೆ: ದಿನಾ ಬೆಳಗಿನ ಜಾವ ಮೂರಕ್ಕೆ ಸರಿಯಾಗಿ ಆಫ್ ಆಗಿ ಆನ್ ಆಗುತ್ತದೆ. (ಹೊಸದುರ್ಗ)

ಕೆಟ್ಟ ಸಾಮಾನು ಗಡಿಯಾರ ನೋಡಿ ಕೆಡುವುದಿಲ್ಲ. ರೌಟರ್ ಪುಟದಲ್ಲಿ ರೀಬೂಟ್ ಶೆಡ್ಯೂಲ್ ಎಂಬ ಆಯ್ಕೆ ಆನ್ ಆಗಿರಬೇಕು, ತೆಗೆಯಿರಿ. ಅಲ್ಲಿ ಇಲ್ಲದಿದ್ದರೆ ಇಂಟರ್ನೆಟ್ ಕೊಟ್ಟವರು ದೂರದಿಂದ ನಿರ್ವಹಿಸುವ ವ್ಯವಸ್ಥೆಯಲ್ಲಿ ಹಾಕಿರಬಹುದು, ಅವರನ್ನೇ ಕೇಳಿ. ಅದರಿಂದ ಹಾನಿಯೇನೂ ಇಲ್ಲ.

ಪ್ರಶ್ನೆ: 5ಜಿ ಎಂದು ಬರೆದ ವೈಫೈ ಹೆಸರು ಮಾತ್ರ ಒಂದು ನಿಮಿಷ ಮಾಯವಾಗಿ ಮತ್ತೆ ಬರುತ್ತದೆ. ಇನ್ನೊಂದು ಹೆಸರು ಹಾಗೇ ಇರುತ್ತದೆ. (ಜಗಳೂರು)

ಇದು ರೀಸ್ಟಾರ್ಟ್ ಅಲ್ಲ. 5 ಗಿಗಾಹರ್ಟ್ಸ್‌ನ 52ರಿಂದ 64, 100ರಿಂದ 144ರವರೆಗಿನ ಚಾನೆಲ್‌ಗಳನ್ನು ರೇಡಾರ್‌ಗಳೂ ಬಳಸುತ್ತವೆ. ರೇಡಾರ್ ಸದ್ದು ಕೇಳಿತೆಂದು ಅನಿಸಿದ ಕೂಡಲೇ ರೌಟರ್ ಆ ಚಾನೆಲ್ ಬಿಟ್ಟುಕೊಡಬೇಕು. ಇಂಥದೇ ಇನ್ನೊಂದು ಚಾನೆಲ್‌ಗೆ ಹೋದರೆ ಶುರು ಮಾಡುವ ಮೊದಲು 60 ಸೆಕೆಂಡು ಸುಮ್ಮನೆ ಕಿವಿಗೊಟ್ಟು ಕೂರಬೇಕು ಎಂಬ ನಿಯಮ. ನಿಮ್ಮ ಒಂದು ನಿಮಿಷ ಅದೇ. ಚಾನೆಲ್ ಆಟೋದಿಂದ ತೆಗೆದು 36, 40, 44, 48ರಲ್ಲಿ ಒಂದಕ್ಕೆ ನಿಲ್ಲಿಸಿ. ಅಗಲ 160 ಮೆಗಾಹರ್ಟ್ಸ್ ಎಂದಿದ್ದರೆ 80ಕ್ಕೆ ಇಳಿಸಿ, ಇಲ್ಲದಿದ್ದರೆ ಅದು ಮತ್ತೆ 52ರ ಕಡೆಗೆ ಚಾಚಿಕೊಳ್ಳುತ್ತದೆ.

ಪ್ರಶ್ನೆ: ಅಡಿಕೆ ತೋಟದ ಮನೆ. ಕಣದ ಕ್ಯಾಮೆರಾಕ್ಕೆ ಮನೆಯ ರೌಟರ್‌ನಿಂದ ಲ್ಯಾನ್ ವೈರು ಎಳೆದಿದ್ದೇವೆ. ಮುಂಗಾರಿಗೆ ಮುಂಚಿನ ಸಿಡಿಲು ಮಳೆ ಆದಾಗಿನಿಂದ ರೌಟರ್ ಹತ್ತು ನಿಮಿಷವೂ ನಿಲ್ಲುತ್ತಿಲ್ಲ. ಅಡಾಪ್ಟರ್ ಹೊಸದೇ ಹಾಕಿದೆವು. (ಚನ್ನಗಿರಿ)

ಸಿಡಿಲು ನೇರ ಬೀಳಬೇಕಿಲ್ಲ. ಹತ್ತಿರದಲ್ಲಿ ಬಿದ್ದರೂ ಬಯಲಲ್ಲಿ ಎಳೆದ ಉದ್ದನೆಯ ತಾಮ್ರದ ವೈರಿನಲ್ಲಿ ಏಟು ಹುಟ್ಟಿ, ಅದು ರೌಟರ್‌ನ ಲ್ಯಾನ್ ಪೋರ್ಟಿಗೆ ಬಂದು ಹೊಡೆಯುತ್ತದೆ. ಪೋರ್ಟಿನ ಹಿಂದಿನ ಚಿಪ್ ಅರ್ಧ ಸುಟ್ಟು, ಬಿಸಿಯಾಗುತ್ತಾ, ಮೀರಿ ಕರೆಂಟ್ ಎಳೆಯುತ್ತಾ ಇಡೀ ಪೆಟ್ಟಿಗೆಯನ್ನು ಕೆಡವುತ್ತದೆ.

ಲ್ಯಾನ್ ವೈರು, ಪೆನ್‌ಡ್ರೈವ್ ಎಲ್ಲ ಕಿತ್ತು, ಪವರ್ ಮತ್ತು ಇಂಟರ್ನೆಟ್ ವೈರು ಮಾತ್ರ ಬಿಟ್ಟು ಒಂದು ದಿನ ಓಡಿಸಿ. ಬೀಳದೆ ಓಡಿದರೆ ಒಂದೊಂದೇ ವೈರು ಹಾಕುತ್ತಾ ಬನ್ನಿ, ಒಂದೊಂದಕ್ಕೂ ಕೆಲವು ಗಂಟೆ ಕೊಡಿ. ಯಾವುದನ್ನು ಹಾಕಿದಾಗ ಬೀಳುತ್ತದೋ ಅದೇ ವೈರನ್ನು ಬೇರೆ ಪೋರ್ಟಿಗೆ ಹಾಕಿ. ಆಗ ಸರಿಯಾದರೆ ಪೋರ್ಟ್ ಹೋಗಿದೆ, ಅದಕ್ಕೆ ಟೇಪು ಅಂಟಿಸಿ ಬಿಡಿ. ಯಾವ ಪೋರ್ಟಿಗೆ ಹಾಕಿದರೂ ಬಿದ್ದರೆ ಆ ಕಡೆಯ ವೈರು ಅಥವಾ ಕ್ಯಾಮೆರಾದ ದೋಷ. ಕ್ಯಾಮೆರಾಕ್ಕೆ ಲ್ಯಾನ್ ವೈರಿನಲ್ಲೇ ಪವರ್ ಕಳಿಸುವ ಇಂಜೆಕ್ಟರ್ ಇದ್ದರೆ, ಅದರ ಪವರ್ ಬರುವ ತುದಿ ತಪ್ಪಿ ರೌಟರ್ ಕಡೆಗೆ ಬಂದಿದೆಯೇ ಅದನ್ನೂ ನೋಡಿ. ವೈರೇನೂ ಹಾಕದಿದ್ದರೂ ಬೀಳುತ್ತಿದ್ದರೆ ರೌಟರ್ ಬದಲಿಸದೆ ಗತಿಯಿಲ್ಲ.

ಹೊಸದಕ್ಕೂ ಅದೇ ತಾಮ್ರದ ವೈರು ಹಾಕಿದರೆ ಮುಂದಿನ ವರ್ಷ ಮತ್ತೆ ಇದೇ ಪ್ರಶ್ನೆ ಕಳಿಸಬೇಕಾಗುತ್ತದೆ. ಮನೆ ಮತ್ತು ಕಣದ ನಡುವೆ ಫೈಬರ್ ಎಳೆದು, ಎರಡು ತುದಿಗೆ ಮೀಡಿಯಾ ಕನ್ವರ್ಟರ್ (ಫೈಬರ್ ಮತ್ತು ಲ್ಯಾನ್ ವೈರನ್ನು ಬೆಸೆಯುವ ಚಿಕ್ಕ ಪೆಟ್ಟಿಗೆ) ಹಾಕಿಸಿ. ಗಾಜಿನ ಎಳೆಯಲ್ಲಿ ಸಿಡಿಲಿನ ಏಟು ಹರಿಯುವುದಿಲ್ಲ. ಆದರೆ ಹೊರಗೆ ಎಳೆಯುವ ಫೈಬರ್ ಕೇಬಲ್‌ನಲ್ಲಿ ಆಧಾರಕ್ಕೆ ಉಕ್ಕಿನ ತಂತಿ ಇರುವುದುಂಟು, ಅದನ್ನು ಗೋಡೆಯ ಹೊರಗೇ ಕತ್ತರಿಸಿ, ಗಾಜಿನ ಎಳೆಯನ್ನು ಮಾತ್ರ ಒಳಗೆ ತರಬೇಕು. ಎಳೆಯುವವರ ಪಕ್ಕ ನಿಂತು ಮಾಡಿಸಿ.

ಪ್ರಶ್ನೆ: ಅಡಾಪ್ಟರ್ ಬದಲಿಸಿದೆವು, ಜಾಗ ಬದಲಿಸಿದೆವು, ವೈರು ಕಿತ್ತು ನೋಡಿದೆವು. ಆದರೂ ದಿನಕ್ಕೆ ಮೂರ್ನಾಲ್ಕು ಸಲ ಬೀಳುತ್ತದೆ. ರೀಸೆಟ್ ಒತ್ತಿದರೆ ಸರಿಹೋಗುತ್ತದೆ ಎನ್ನುತ್ತಾರೆ. (ಹೊಳಲ್ಕೆರೆ)

ಒತ್ತುವ ಮೊದಲು ಪವರ್ ಪಿನ್ನನ್ನು ಜಾಕಿನಲ್ಲೇ ಮೆಲ್ಲಗೆ ಅಲ್ಲಾಡಿಸಿ. ದೀಪ ಮಿಣುಕಿದರೆ ಒಳಗೆ ಜಾಕಿನ ಬೆಸುಗೆ ಬಿಟ್ಟಿದೆ. ಮೊಬೈಲ್ ರಿಪೇರಿಯವರು ಸೋಲ್ಡರ್ ಹಾಕಿಕೊಟ್ಟರೆ ಮುಗಿಯಿತು. ಅವರು ಬಿಚ್ಚಿದಾಗ ಜಾಕಿನ ಹತ್ತಿರದ ಕೆಪಾಸಿಟರ್ ತಲೆ ಉಬ್ಬಿದೆಯೇ ನೋಡಲು ಹೇಳಿ. ಒಳ್ಳೆಯದರ ತಲೆ ನಾಣ್ಯದ ಹಾಗೆ ಚಪ್ಪಟೆ ಇರುತ್ತದೆ, ಕೆಟ್ಟದ್ದು ಉಬ್ಬಿದ ಪೂರಿಯ ಹಾಗೆ. ಬದಲಿಗೆ ಅಷ್ಟೇ ಮೈಕ್ರೋಫ್ಯಾರಡ್, ವೋಲ್ಟ್ ಅಷ್ಟೇ ಅಥವಾ ಹೆಚ್ಚು, 105 ಡಿಗ್ರಿಯದೇ ಹಾಕಬೇಕು. ಮೈಮೇಲಿನ ಪಟ್ಟಿ ಮೈನಸ್ ಕಡೆಗೆ.

ಇನ್ನು ರೀಸೆಟ್. ಅದು ಎಲ್ಲ ಸೆಟ್ಟಿಂಗ್ ಅಳಿಸುತ್ತದೆ. ಮೊದಲು ರೌಟರ್ ಪುಟದಲ್ಲಿ ಇಂಟರ್ನೆಟ್ ಯೂಸರ್‌ನೇಮ್, ವಿಲ್ಯಾನ್ ಸಂಖ್ಯೆ (ಇಂಟರ್ನೆಟ್ ಕೊಟ್ಟವರು ಲೈನಿಗೆ ಕೊಟ್ಟ ಗುರುತು), ವೈಫೈ ಹೆಸರು ಇರುವ ಪುಟಗಳ ಫೋಟೋ ತೆಗೆದಿಡಿ. ಪಾಸ್‌ವರ್ಡ್ ಚುಕ್ಕೆಗಳಾಗಿ ಕಾಣುತ್ತದೆ, ಅದನ್ನು ಇಂಟರ್ನೆಟ್ ಕೊಟ್ಟವರಿಂದ ಮೊದಲೇ ಕೇಳಿ ಬರೆದುಕೊಳ್ಳಿ. ಫೈಬರ್ ನೇರ ಪೆಟ್ಟಿಗೆಗೇ ಬರುವ ಮಾದರಿಯಾದರೆ ಅವರನ್ನು ಕೇಳದೆ ರೀಸೆಟ್ ಮಾಡಲೇಬೇಡಿ. ಅದರಲ್ಲಿನ ಗುರುತಿನ ಸಂಖ್ಯೆ ಅಳಿಸಿದರೆ ಅವರು ಬಂದು ಕೂರಿಸುವವರೆಗೂ ಇಂಟರ್ನೆಟ್ ಇಲ್ಲ.

ರೀಸೆಟ್‌ಗಿಂತ ಹೆಚ್ಚು ಉಪಯೋಗ ಫರ್ಮ್‌ವೇರ್, ಅಂದರೆ ರೌಟರ್ ಒಳಗಿನ ಸಾಫ್ಟ್‌ವೇರ್, ಹೊಸದಾಗಿಸುವುದರಿಂದ. ಮೆಮೊರಿ ಸೋರುವ ದೋಷವಿರುವ ಫರ್ಮ್‌ವೇರ್ ಕೆಲವು ಗಂಟೆ ಅಥವಾ ದಿನ ಓಡಿ, ಮೆಮೊರಿ ತುಂಬಿ ಬೀಳುತ್ತದೆ. ಸ್ಟಿಕ್ಕರ್ ಮೇಲೆ ಮಾಡೆಲ್ ಪಕ್ಕ ಹಾರ್ಡ್‌ವೇರ್ ವರ್ಷನ್ ಎಂದು 2, 3, 4 ಇರುತ್ತದೆ. ಮಾಡೆಲ್ ಒಂದೇ ಆದರೂ ವರ್ಷನ್ ಬೇರೆಯಾದರೆ ಒಳಗಿನ ಚಿಪ್ಪೇ ಬೇರೆ ಇರಬಹುದು. ತಪ್ಪಿದ ಫೈಲ್ ಹಾಕಿದರೆ ಪೆಟ್ಟಿಗೆ ಕಲ್ಲಾಗುತ್ತದೆ. ತಯಾರಕರ ತಾಣದಿಂದ ಸರಿಯಾದ ವರ್ಷನ್ನಿನ ಫೈಲ್ ಇಳಿಸಿ, ವೈಫೈಯಲ್ಲಿ ಅಲ್ಲ, ಲ್ಯಾನ್ ವೈರಿನಲ್ಲಿ, ಯುಪಿಎಸ್ ಮೋಡಿನಲ್ಲಿರುವ ಇನ್ವರ್ಟರ್‌ನ ಸಾಕೆಟ್ಟಿನಲ್ಲಿ ಹಾಕಿ. ಐದರಿಂದ ಹತ್ತು ನಿಮಿಷ ಅದನ್ನು ಮುಟ್ಟಬೇಡಿ, ದೀಪಗಳು ಏನೇ ಕುಣಿದರೂ ಆಫ್ ಮಾಡಬೇಡಿ. ಹೊಸ ಫರ್ಮ್‌ವೇರ್ ಹಾಕಿದ ಮೇಲೆ ಒಮ್ಮೆ ರೀಸೆಟ್ ಗುಂಡಿಯನ್ನು ಸೂಜಿಯಿಂದ ಹತ್ತು ಸೆಕೆಂಡು ಒತ್ತಿ, ಫೋಟೋ ನೋಡಿ ಎಲ್ಲ ಹೊಸದಾಗಿ ತುಂಬಿ. ಹಳೆಯ ಬ್ಯಾಕಪ್ ಫೈಲ್ ಹಾಕಬೇಡಿ, ಹಳೆಯ ದೋಷ ಅದರ ಜೊತೆಗೇ ಬರಬಹುದು.

ಇದಾದ ಮೇಲೂ, ಪರೀಕ್ಷಿಸಿದ ಅಡಾಪ್ಟರ್ ಇದ್ದು, ವೈರುಗಳೇನೂ ಇಲ್ಲದೆ, ತಂಪಾದ ಜಾಗದಲ್ಲಿ ಅದು ಬೀಳುತ್ತಿದ್ದರೆ ಪೆಟ್ಟಿಗೆಯ ಒಳಗೇ ದೋಷ. ಬಿಲ್ ತೆಗೆದು ವಾರಂಟಿ ತಾರೀಕು ನೋಡಿ. ಬಾಡಿಗೆಗೋ ಉಚಿತವಾಗಿಯೋ ಕೊಟ್ಟ ಪೆಟ್ಟಿಗೆಯಾದರೆ ಬಿದ್ದ ಹೊತ್ತುಗಳನ್ನು ಬರೆದ ಹಾಳೆ, ಅಪ್‌ಟೈಮ್ ಪುಟದ ಫೋಟೋ ಎರಡನ್ನೂ ಅವರಿಗೆ ಕಳಿಸಿ ಬದಲಿ ಕೇಳಿ. ಹೊಸ ಪೆಟ್ಟಿಗೆ ಬಂದ ಮೇಲೆ ಹಳೆಯ ಅಡಾಪ್ಟರನ್ನು ಹಿಂದಿರುಗಿಸುವಂತಿಲ್ಲದಿದ್ದರೆ, ಪರೀಕ್ಷೆಯಲ್ಲಿ ಗೆದ್ದದ್ದು ಎಂದು ಚೀಟಿ ಅಂಟಿಸಿ, ತಾರೀಕು ಬರೆದು ಎತ್ತಿಡಿ.